ಸೆಕೆಂಡ್ ಹ್ಯಾಂಡ್ ಇವಿ: ಕಂಪನಿ ಮಳಿಗೆಯಲ್ಲೋ, ಮಾಲೀಕರ ಹತ್ತಿರವೋ?

ಹಳೆ ಎಲೆಕ್ಟ್ರಿಕ್ ಕಾರು ತಪಾಸಣೆಗೆ ಬಂದ ಕೂಡಲೇ ನಾವು ಕೇಳುವುದು ಒಂದೇ: ಬ್ಯಾಟರಿ ರಿಪೋರ್ಟ್ ಎಲ್ಲಿ? ಮಾರುವವರು ‘ಇನ್ನೂರು ಪಾಯಿಂಟ್ ಚೆಕ್ ಆಗಿದೆ ಸಾರ್’ ಅಂತ ಹಾಳೆ ಮುಂದಿಡುತ್ತಾರೆ. ಬಂಪರ್ ಗೀರು, ಸೀಟು, ಪವರ್ ವಿಂಡೋ ಎಲ್ಲ ಅದರಲ್ಲಿರುತ್ತದೆ. ಗಾಡಿಯಲ್ಲಿ ಅತಿ ದುಬಾರಿಯಾದ ಬ್ಯಾಟರಿಗೆ ಮಾತ್ರ ‘ಓಕೆ’ ಅಂತ ಒಂದು ಟಿಕ್ಕು. ಚಾಸಿಸ್ ನಂಬರ್, ತಾರೀಖು, ಓಡಿದ ಕಿಲೋಮೀಟರ್, ಉಳಿದ ಸಾಮರ್ಥ್ಯದ ಶೇಕಡಾ, ಈ ನಾಲ್ಕೂ ಇಲ್ಲದ ಕಾಗದವನ್ನು ರಿಪೋರ್ಟ್ ಅನ್ನಲಾಗದು.

ಟಾಟಾ ಮೋಟಾರ್ಸ್ ಅಶ್ಯೂರ್ಡ್, ಎಂಜಿ ರಿಅಶ್ಯೂರ್‌ನಂಥ ಕಂಪನಿ ಮಳಿಗೆಗಳಿಗಿರುವ ನಿಜವಾದ ಅನುಕೂಲ ಇಲ್ಲೇ. ಅವರು ಚಾಸಿಸ್ ನಂಬರ್ ಹಾಕಿದರೆ ಹಿಂದಿನ ಸರ್ವೀಸ್, ದಾಖಲಾದ ದೋಷ, ಬ್ಯಾಟರಿ ಪ್ಯಾಕ್ ಬಿಚ್ಚಿದ್ದು, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದು ಪರದೆಯ ಮೇಲೆ ಬರುತ್ತದೆ. ಹೊರಗಿನ ಡೀಲರ್‌ಗೂ ಬ್ರೋಕರ್‌ಗೂ ಆ ಪರದೆ ಇಲ್ಲ. ಅವರ ಕೈಲಿರುವುದು ಒಬಿಡಿ ಡಾಂಗಲ್, ಅಂದರೆ ಕಾರಿನ ಸಾಕೆಟ್‌ಗೆ ಸಿಕ್ಕಿಸಿ ಮಾಹಿತಿ ಓದುವ ಪುಟ್ಟ ಸಾಧನ, ಅದು ತೋರಿಸುವುದು ಇವತ್ತಿನ ಅಂಕಿ ಮಾತ್ರ. ಆದರೆ ಬೋರ್ಡು ಕಂಪನಿಯದ್ದಾದರೂ ಮಳಿಗೆ ನಡೆಸುವವರು ಸಾಮಾನ್ಯವಾಗಿ ಡೀಲರೇ. ಬಾಯಿಮಾತು ಬೇಡ, ಪ್ರಿಂಟ್ ತೆಗೆಸಿಕೊಳ್ಳಿ.

ಮಾಲೀಕರಿಂದಲೇ ಕೊಳ್ಳುತ್ತಿದ್ದರೂ ಈ ಕಾಗದ ಸಿಗುತ್ತದೆ. ಅವರನ್ನೇ ಕರೆದುಕೊಂಡು ಆ ಕಂಪನಿಯ ಸರ್ವೀಸ್ ಸೆಂಟರ್‌ಗೆ ಹೋಗಿ, ಶುಲ್ಕ ನೀವೇ ಕಟ್ಟಿ ಬ್ಯಾಟರಿ ಹೆಲ್ತ್ ಚೆಕ್ ಮಾಡಿಸಿ. ವಾರಂಟಿ ಇನ್ನೂ ಮೂರ್ನಾಲ್ಕು ವರ್ಷ ಇದ್ದು, ಒಬ್ಬರೇ ಓಡಿಸಿದ ಗಾಡಿಯಾದರೆ ನಮ್ಮ ಸಲಹೆ ಇದೇ ದಾರಿ. ಡೀಲರ್ ಮಾರುವಾಗ ಅವರ ಲಾಭದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಹಳೆ ಇವಿಗೆ 2025ರ ಜನವರಿಯಿಂದ ಈ ದರ. 7 ಲಕ್ಷಕ್ಕೆ ಕೊಂಡು 8 ಲಕ್ಷಕ್ಕೆ ಮಾರಿದರೆ ತೆರಿಗೆ 18 ಸಾವಿರ, ಲಾಭದ 1 ಲಕ್ಷ ಬೇರೆ. ವ್ಯಕ್ತಿಯಿಂದ ವ್ಯಕ್ತಿಗೆ ಮಾರಾಟವಾದರೆ ಜಿಎಸ್‌ಟಿ ಇಲ್ಲ. ಗಾಡಿ ಟ್ಯಾಕ್ಸಿಯಾಗಿ ಓಡಿದ್ದರೆ, ಎರಡು ಮೂರು ಕೈ ಬದಲಾಗಿದ್ದರೆ ಮಾತ್ರ ಹೆಚ್ಚು ಕೊಟ್ಟಾದರೂ ಕಂಪನಿ ಮಳಿಗೆಗೇ ಹೋಗಿ.

ವಾರಂಟಿ ವಿಷಯದಲ್ಲಿ ಜನ ಎಡವುವುದು ಜಾಸ್ತಿ. 2020ರ ನೆಕ್ಸಾನ್ ಇವಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಲೆಕ್ಕ ಶುರುವಾಗುವುದು ಮೊದಲ ಮಾಲೀಕರು ಕೊಂಡ ದಿನದಿಂದ, ಹಾಗಾಗಿ 2020ರ ಮಾರ್ಚ್ ಗಾಡಿಗೆ 2028ರ ಮಾರ್ಚ್‌ಗೆ ಮುಗಿಯಿತು. ‘ಲೈಫ್‌ಟೈಮ್ ಬ್ಯಾಟರಿ ವಾರಂಟಿ’ ಅಂತ ಜಾಹೀರಾತಿನಲ್ಲಿದ್ದರೆ ಇನ್ನೂ ಹುಷಾರು. ಮಹೀಂದ್ರ ಬಿಇ 6, ಎಕ್ಸ್‌ಇವಿ 9ಇ ಗಾಡಿಗಳಲ್ಲಿ ಅದು ಮೊದಲ ಖಾಸಗಿ ಮಾಲೀಕರಿಗೆ ಮಾತ್ರ. ಎರಡನೆಯವರಿಗೆ 10 ವರ್ಷ ಅಥವಾ 2 ಲಕ್ಷ ಕಿ.ಮೀ.

ಟ್ಯಾಕ್ಸಿ ಇವಿಯ ಹಸಿರು ಪ್ಲೇಟಿನಲ್ಲಿ ಅಕ್ಷರ ಹಳದಿ, ಖಾಸಗಿಯದ್ದರಲ್ಲಿ ಬಿಳಿ. ಪ್ಲೇಟ್ ಬದಲಾಗಿರಬಹುದು, ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿದರೆ ಹಳೆ ಜಾತಕ ಸಿಗುತ್ತದೆ. ಎಂಜಿ ವಿಂಡ್ಸರ್ ಬಂದಾಗಿನಿಂದ, ಅಂದರೆ 2024ರ ಸೆಪ್ಟೆಂಬರ್‌ನಿಂದ, ಇನ್ನೊಂದು ಸಿಕ್ಕು ಸೇರಿದೆ: ಬ್ಯಾಟರಿ ಬಾಡಿಗೆಯದ್ದಿರಬಹುದು. ಕಾರಿನ ಸಾಲ ತೀರಿದ್ದರೂ ಬ್ಯಾಟರಿಯ ಲೆಕ್ಕ ಬೇರೆ ಇರುತ್ತದೆ, ಅದು ತೀರಿದ ಪತ್ರ ಕೇಳಿ.

ಇನ್ನು ಬ್ಯಾಟರಿಯನ್ನು ನೀವೇ ಅಳೆಯುವ ಬಗೆ. ಗಾಡಿ ಓಡಿಸಿ ಚಾರ್ಜ್ 20%ಕ್ಕೆ ಇಳಿಸಿ. 16 ಆಂಪಿಯರ್ ಪ್ಲಗ್‌ಗೆ ಯೂನಿಟ್ ತೋರಿಸುವ ಮೀಟರ್ ಹಾಕಿ, ಗಾಡಿಯ ಜೊತೆ ಬಂದ ಚಾರ್ಜರ್‌ನಲ್ಲೇ ರಾತ್ರಿ ಇಡೀ 100%ವರೆಗೆ ಬಿಡಿ. 30.2 ಯೂನಿಟ್ (ಕೆಡಬ್ಲ್ಯುಎಚ್) ಬ್ಯಾಟರಿಯ ನೆಕ್ಸಾನ್‌ನಲ್ಲಿ ಮೀಟರ್ 24 ತೋರಿಸಿತು ಅಂದುಕೊಳ್ಳಿ. ಚಾರ್ಜರ್‌ನಲ್ಲಿ ಸುಮಾರು 10% ಬಿಸಿಯಾಗಿ ಹೋಗುತ್ತದೆ, ಬ್ಯಾಟರಿಗೆ ಸೇರಿದ್ದು 21.6. ಅದು 80%ರ ಲೆಕ್ಕ, 0.8ರಿಂದ ಭಾಗಿಸಿದರೆ ಪೂರ್ತಿಗೆ 27, ಅಂದರೆ ಹೆಚ್ಚುಕಡಿಮೆ 89%. ಬಿಎಂಎಸ್, ಅಂದರೆ ಬ್ಯಾಟರಿಯನ್ನು ನಿಭಾಯಿಸುವ ಕಂಪ್ಯೂಟರ್, ಸ್ವಲ್ಪ ಮೀಸಲಿಟ್ಟುಕೊಳ್ಳುವುದರಿಂದ ಹೊಸ ಗಾಡಿಗೂ ನೂರಕ್ಕೆ ನೂರು ಬರುವುದಿಲ್ಲ, ಆ 89 ಒಳ್ಳೆಯದೇ. ಮೀಟರ್ 20 ಯೂನಿಟ್‌ಗೇ ನಿಂತರೆ ಲೆಕ್ಕ 75%ರ ಹತ್ತಿರ ಬರುತ್ತದೆ. ಆಗ ಸರ್ವೀಸ್ ಸೆಂಟರ್ ರಿಪೋರ್ಟ್ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.

ಈ ಲೆಕ್ಕ ತಪ್ಪುವ ಜಾಗವೂ ಒಂದಿದೆ. ನೆಕ್ಸಾನ್‌ನಲ್ಲಿರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್. ಚಾರ್ಜ್ 30% ಇರಲಿ 70% ಇರಲಿ, ಅದರ ವೋಲ್ಟೇಜ್ ಹೆಚ್ಚು ಬದಲಾಗುವುದಿಲ್ಲ. ತಿಂಗಳುಗಟ್ಟಲೆ 100%ಕ್ಕೆ ಏರಿಸದ ಗಾಡಿಯಲ್ಲಿ ಬಿಎಂಎಸ್ ಅಂದಾಜು ದಾರಿ ತಪ್ಪಿರುತ್ತದೆ, ಪರದೆ ತೋರುವ 20% ನಿಜವಾದ 20% ಆಗಿರುವುದಿಲ್ಲ. ಆದ್ದರಿಂದ ಮೊದಲು ಒಮ್ಮೆ ನಿಧಾನದ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ, ಆಮೇಲೆ ಇಳಿಸಿ ಅಳೆಯಿರಿ. ಕೊನೆಯ ಒಂದೆರಡು ಶೇಕಡಾಕ್ಕೆ ಬಹಳ ಹೊತ್ತು ಹಿಡಿದರೆ ಗಾಬರಿ ಬೇಡ, ಸೆಲ್‌ಗಳು ಸಮ ಆಗುತ್ತಿರುತ್ತವೆ. ಇಳಿಸುವಾಗ 20%ರಿಂದ ದಿಢೀರನೆ 10%ಕ್ಕೆ ಜಾರಿದರೆ ಗಾಬರಿ ಬೀಳಿ. ಒಂದು ಸೆಲ್ ಸೋತಿರುವ ಲಕ್ಷಣ ಅದು.

ಗಾಡಿಯನ್ನು ಲಿಫ್ಟ್ ಮೇಲೆ ಏರಿಸದೆ ಒಪ್ಪಬೇಡಿ. ನಮ್ಮ ಹಂಪ್‌ಗಳಿಗೆ ಉಜ್ಜಿ ಪ್ಯಾಕ್‌ನ ತಳ ಗೀರಾಗುವುದು ಮಾಮೂಲು. ತಗ್ಗು ಬಿದ್ದಿದ್ದರೆ, ಅಂಚಿನ ಸೀಲ್ ಎದ್ದಿದ್ದರೆ ಕಂಪನಿ ವಾರಂಟಿ ಕೊಡದಿರಲು ಅದೊಂದೇ ಸಾಕು. ಕಿತ್ತಳೆ ಬಣ್ಣದ ಕೇಬಲ್‌ಗಳ ಕನೆಕ್ಟರ್ ಹತ್ತಿರ ಹಸಿರು ಕಿಲುಬು, ಸೀಟಿನ ಹಳಿಯಲ್ಲಿ ಒಣಗಿದ ಕೆಸರು ಕಂಡರೆ ನೀರಲ್ಲಿ ನಿಂತ ಗಾಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ನೀರು ನುಗ್ಗಿದ್ದು ನೆನಪಿರಲಿ, ಇನ್ಶೂರೆನ್ಸ್ ಕ್ಲೇಮ್ ಇತಿಹಾಸ ಕೇಳಿ. ಬ್ರೇಕ್ ಡಿಸ್ಕ್ ಮೇಲಿನ ತುಕ್ಕಿಗೆ ಮಾತ್ರ ಬೆಲೆ ಕಡಿಮೆ ಕೇಳಬೇಡಿ. ರೀಜೆನ್, ಅಂದರೆ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ತುಂಬಿಸುವ ವ್ಯವಸ್ಥೆ ಇರುವ ಗಾಡಿಯಲ್ಲಿ ಬ್ರೇಕ್ ಉಜ್ಜುವುದೇ ಕಡಿಮೆ.

ಕಾಗದ ಎಲ್ಲ ಪೆಟ್ರೋಲ್ ಗಾಡಿಯಂತೆಯೇ: ಮಾಲೀಕರ ಹೆಸರು ಬದಲಿಸಲು ಫಾರ್ಮ್ 29, 30, ಸಾಲ ಇದ್ದರೆ ಬ್ಯಾಂಕ್ ಎನ್‌ಒಸಿ ಜೊತೆ 35. ಹೊಸದೊಂದು ಮಾತ್ರ ಸೇರಿದೆ, ಕಂಪನಿಯ ಆಪ್. ಹಳೆ ಮಾಲೀಕರು ತಮ್ಮ ಖಾತೆಯಿಂದ ಗಾಡಿ ತೆಗೆಯದಿದ್ದರೆ ನೀವು ಎಲ್ಲಿದ್ದೀರಿ ಅಂತ ಅವರ ಫೋನಿನಲ್ಲಿ ಕಾಣುತ್ತಿರುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಬಾಗಿಲ ಲಾಕ್ ಕೂಡ ಅಲ್ಲಿಂದಲೇ ತೆಗೆಯಬಹುದು. ಬಾಕಿ ದುಡ್ಡು ಕೊಡುವ ಮುಂಚೆ ಅವರ ಎದುರಿಗೇ ತೆಗೆಸಿ, ನಿಮ್ಮ ನಂಬರ್ ಸೇರಿಸಿಕೊಳ್ಳಿ.