ಹೆಂಪ್ ಗೋಡೆ ಬೇಕು, ಲಾರಿಯಲ್ಲಿ ಬಂದ ಹೆಂಪ್ ಬೇಡ

ನಾನು ಡೆಹ್ರಾಡೂನ್‌ನಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದೇನೆ. ಊರಿಂದ ಬರುವ ಫೋನುಗಳಲ್ಲಿ ಈಗೀಗ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಅಲ್ಲಿ ಗಾಂಜಾ ಗಿಡದಲ್ಲಿ ಮನೆ ಕಟ್ತಾರಂತೆ, ಹೌದಾ? ನಮಗೂ ತರಿಸಿಕೊಡ್ತೀಯಾ? ತಿಪಟೂರಿನ ಹತ್ತಿರ ಮನೆ ಕಟ್ಟಲು ಹೊರಟಿರುವ ನನ್ನ ಸೋದರತ್ತೆ ಮಗ ಇದನ್ನು ಸುಮ್ನೆ ಕುತೂಹಲಕ್ಕೆ ಕೇಳಲಿಲ್ಲ, ದುಡ್ಡು ಹೊಂದಿಸಿಕೊಂಡೇ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಹೆಂಪ್ ಗೋಡೆ ನನಗೆ ತುಂಬಾ ಇಷ್ಟ. ಆದರೆ ಅದು ಆ ಗಿಡ ಬೆಳೆಯುವ ಊರಿಗೆ ಸೇರಿದ ಗೋಡೆ.

ಹೆಂಪ್ ಅಂದರೆ ಗಾಂಜಾದ ಜಾತಿಗೇ ಸೇರಿದ ಗಿಡ, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಆದರೆ ನಾರಿಗೂ ಬೀಜಕ್ಕೂ ಬೆಳೆಸುವ ತಳಿಗಳಲ್ಲಿ ಅಮಲು ತರಿಸುವ ಟಿಎಚ್‌ಸಿ ಅಂಶ ತೀರಾ ಕಡಿಮೆ. ಉತ್ತರಾಖಂಡದಲ್ಲಿ ಅದು ಶೇ. 0.3 ದಾಟುವಂತಿಲ್ಲ. ನಮ್ಮ ಕಡೆ ಹಸಿರು ಗೊಬ್ಬರಕ್ಕೆ ಬಿತ್ತಿ ಉಳುವ ಸೆಣಬು ಬೇರೆ ಗಿಡ, ಅದನ್ನು ಇದಕ್ಕೆ ಸೇರಿಸಬೇಡಿ. ಹೆಂಪ್ ಮೂರು ನಾಲ್ಕು ತಿಂಗಳಲ್ಲಿ ಆಳುದ್ದಕ್ಕಿಂತ ಎತ್ತರಕ್ಕೆ ನೆಟ್ಟಗೆ ಬೆಳೆಯುತ್ತದೆ. ದಂಟಿನ ಹೊರಗಡೆ ನಾರು, ಒಳಗಡೆ ಬೆಳ್ಳಗಿನ ಹಗುರವಾದ ಕಡ್ಡಿ. ಇಲ್ಲಿನ ಬೆಟ್ಟದ ಜನ ದಂಟನ್ನು ನೀರಿನಲ್ಲಿ ಕೊಳೆಯಿಸಿ ನಾರು ಸುಲಿದು ಹಗ್ಗ ಹೊಸೆಯುತ್ತಿದ್ದರು, ಬಟ್ಟೆ ನೇಯುತ್ತಿದ್ದರು. ಕುಮಾವ್ ಕಡೆ ಅದರ ಬೀಜದ ಚಟ್ನಿಯನ್ನು ಈಗಲೂ ಮನೆಮನೆಯಲ್ಲಿ ಮಾಡುತ್ತಾರೆ. ನಾರು ಸುಲಿದ ಮೇಲೆ ಉಳಿದ ಕಡ್ಡಿ ಒಲೆ ಹಚ್ಚಲು ಹೋಗುತ್ತಿತ್ತು. ಗೋಡೆ ಕಟ್ಟುವುದು ಆ ಕಡ್ಡಿಯಿಂದ.

ಕಡ್ಡಿಯನ್ನು ಒಂದರಿಂದ ಎರಡೂವರೆ ಸೆಂಟಿಮೀಟರಿನ ಚೂರು ಮಾಡಿ, ದೂಳು ಜಾಡಿಸಿ, ಸುಣ್ಣ ಮತ್ತು ನೀರಿನ ಜೊತೆ ಕಲಸುತ್ತಾರೆ. ಬರೀ ಸುಣ್ಣ ಗಟ್ಟಿಯಾಗಲು ತುಂಬಾ ಕಾಲ ಬೇಕು, ಅದಕ್ಕೆ ಸುರ್ಕಿಯಂಥದ್ದು, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯಂಥದ್ದು ಏನಾದರೂ ಬೆರೆಸುತ್ತಾರೆ. ಹದ ಹೇಗಿರಬೇಕು ಅಂದರೆ ಗೊಜ್ಜವಲಕ್ಕಿಯ ಹಾಗೆ. ಒಂದೊಂದು ಚೂರಿಗೂ ಸುಣ್ಣ ಹತ್ತಿರಬೇಕು, ಮುದ್ದೆ ಕಟ್ಟಬಾರದು. ಇದನ್ನು ಸೆಂಟ್ರಿಂಗ್ ಹಲಗೆಗಳ ನಡುವೆ ತುಂಬಿ ಕೈಯಿಂದಲೋ ಕೋಲಿನಿಂದಲೋ ಹಗುರವಾಗಿ ಒತ್ತುತ್ತಾರೆ. ಇಲ್ಲೇ ಮೇಸ್ತ್ರಿಗಳ ಕೈ ತಡೆಯುವುದಿಲ್ಲ. ಕಾಂಕ್ರೀಟಿನ ಅಭ್ಯಾಸದಲ್ಲಿ ಜೋರಾಗಿ ಕುಟ್ಟಿಬಿಡುತ್ತಾರೆ. ಕುಟ್ಟಿದರೆ ಚೂರುಗಳ ನಡುವಿನ ಗಾಳಿ ಹೋಗುತ್ತದೆ, ಗಾಳಿ ಹೋದರೆ ಈ ಗೋಡೆಯ ಗುಣವೇ ಹೋಯಿತು. ಹಲಗೆ ಬೇಗ ಬಿಚ್ಚಬಹುದು, ಆದರೆ ಗೋಡೆ ಪೂರ್ತಿ ಒಣಗಲು ವಾರಗಳು ಬೇಕು, ಹವೆ ತೇವವಾಗಿದ್ದರೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಪ್ಲಾಸ್ಟರ್ ಮಾಡುವಂತಿಲ್ಲ. ಮಾಡುವಾಗಲೂ ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವು ಮಾತ್ರ. ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿ ಸಿಗದೆ ಕಡ್ಡಿ ಕೊಳೆಯುತ್ತದೆ.

ಇನ್ನೊಂದು ಮಾತು, ಇದನ್ನು ಎಷ್ಟು ಸಲ ಹೇಳಿದರೂ ಜನ ಮರೆಯುತ್ತಾರೆ: ಈ ಗೋಡೆ ಭಾರ ಹೊರುವುದಿಲ್ಲ. ಹೆಂಪ್‌ಕ್ರೀಟ್ ಅನ್ನುವ ಹೆಸರು ಕೇಳಿ ಕಾಂಕ್ರೀಟಿನ ತಮ್ಮ ಅಂದುಕೊಳ್ಳುತ್ತಾರೆ. ಮರದ್ದೋ ಕಬ್ಬಿಣದ್ದೋ ಕಾಂಕ್ರೀಟಿನದ್ದೋ ಚೌಕಟ್ಟು ಮೊದಲು ನಿಲ್ಲಬೇಕು. ಚಾವಣಿಯ ಭಾರ ಅದರ ಮೇಲೆ, ಹೆಂಪ್ ಬರೀ ನಡುವಿನ ತುಂಬುವಿಕೆ. ಪಾಯಕ್ಕಂತೂ ಆಗುವುದೇ ಇಲ್ಲ. ನೆಲದಿಂದ ಸಾಕಷ್ಟು ಮೇಲಿನವರೆಗೆ ಕಲ್ಲು ಕಟ್ಟಿ, ಸೂರನ್ನು ಚೆನ್ನಾಗಿ ಮುಂದಕ್ಕೆ ಚಾಚಿ, ಮಳೆನೀರು ಗೋಡೆಗೆ ಚಿಮ್ಮದಂತೆ ನೋಡಿಕೊಳ್ಳಬೇಕು. ಗೋಡೆಗೆ ಮೊಳೆ ಹೊಡೆದು ಭಾರದ ಕಪಾಟು ನೇತುಹಾಕುತ್ತೇನೆ ಅಂದರೂ ಆಗದು, ಎಲ್ಲಿ ಬೇಕೋ ಅಲ್ಲಿ ಮೊದಲೇ ಒಳಗೆ ಮರದ ಪಟ್ಟಿ ಕೊಟ್ಟಿರಬೇಕು.

ಇಷ್ಟೆಲ್ಲ ಕಟ್ಟುಪಾಡು ಇದ್ದರೂ ಯಾಕೆ ಇಷ್ಟ ಅಂದರೆ, ಈ ಬೆಟ್ಟಗಳಿಗೆ ಇದರಷ್ಟು ಹೊಂದುವ ಗೋಡೆ ಕಡಿಮೆ. ಉತ್ತರಕಾಶಿಯಲ್ಲಿ 1991ರಲ್ಲಿ, ಚಮೋಲಿಯಲ್ಲಿ 1999ರಲ್ಲಿ ಭೂಕಂಪ ಆಯಿತು. ನೆಲ ನಡುಗಿದಾಗ ಗೋಡೆಯ ತೂಕವೇ ಮನುಷ್ಯನ ಮೇಲೆ ಬೀಳುತ್ತದೆ. ಇಟ್ಟಿಗೆ ಗೋಡೆ ಒಂದು ಘನ ಮೀಟರಿಗೆ ಸುಮಾರು 1900 ಕಿಲೋ ತೂಗಿದರೆ, ಒಣಗಿದ ಹೆಂಪ್ ಗೋಡೆ 300ರಿಂದ 400 ಕಿಲೋ ಅಷ್ಟೇ. ಒಳಗೆ ಗಾಳಿ ತುಂಬಿರುವುದರಿಂದ ಚಳಿಗಾಲದಲ್ಲಿ ಮನೆಯ ಬಿಸಿ ಹೊರಗೆ ಹೋಗುವುದು ತುಂಬಾ ನಿಧಾನ. ಮೂಳೆ ಕೊರೆಯುವ ಚಳಿಯ ಊರುಗಳಲ್ಲಿ ಈಗ ನಾಲ್ಕೂವರೆ ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆಗಳನ್ನು ಏರಿಸುತ್ತಿದ್ದಾರೆ. ಅದನ್ನು ನೋಡಿದಾಗೆಲ್ಲ ಸಂಕಟ ಆಗುತ್ತದೆ. ಸುಣ್ಣದ ಲೇಪ ಇರುವುದರಿಂದ ಹೆಂಪ್ ಗೋಡೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ, ಹುಳ, ಬೂಷ್ಟು ಕೂಡ ಕಡಿಮೆ.

ಪೌರಿ ಗಢ್ವಾಲ್ ಜಿಲ್ಲೆಯ ಯಮಕೇಶ್ವರ ಬ್ಲಾಕಿನಲ್ಲಿ ವಾಸ್ತುಶಿಲ್ಪಿ ದಂಪತಿ ನಮ್ರತಾ ಕಂಡ್ವಾಲ್ ಮತ್ತು ಗೌರವ್ ದೀಕ್ಷಿತ್ 2021ರಲ್ಲಿ ಹೀಗೊಂದು ಕಟ್ಟಡ ಮುಗಿಸಿದರು. ಹೆಂಪ್‌ನಲ್ಲಿ ಕಟ್ಟಿದ ದೇಶದ ಮೊದಲ ಕಟ್ಟಡ ಅಂತ ಅದಕ್ಕೆ ಹೆಸರು ಬಂತು. ಕಟ್ಟಿದ ಜಾಗದ ಆಯ್ಕೆ ನನಗೆ ಕಟ್ಟಡದಷ್ಟೇ ಮುಖ್ಯ ಅನ್ನಿಸುತ್ತದೆ. ಪೌರಿ ಅಂದರೆ ಜನ ಊರು ಬಿಟ್ಟು ಹೋಗುತ್ತಿರುವ ಜಿಲ್ಲೆ. 2001ರಿಂದ 2011ರ ಜನಗಣತಿಯ ನಡುವೆ ಇಡೀ ರಾಜ್ಯದ ಜನಸಂಖ್ಯೆ ಏರಿದರೂ ಪೌರಿ ಮತ್ತು ಅಲ್ಮೋರಾದಲ್ಲಿ ಮಾತ್ರ ಇಳಿದಿತ್ತು. ಬೀಗ ಹಾಕಿದ ಮನೆಗಳು, ಬೀಳುಬಿಟ್ಟ ಮೆಟ್ಟಿಲು ಹೊಲಗಳು. ಧಾನ್ಯ, ತರಕಾರಿ ಏನು ಬಿತ್ತಿದರೂ ಮಂಗ, ಕಾಡುಹಂದಿ ಬಿಡುವುದಿಲ್ಲ. ಅಂಥ ಕಡೆ ಹೆಚ್ಚು ಆರೈಕೆ ಕೇಳದೆ ಬೆಳೆಯುವ ಗಿಡದ ಬೀಜ, ನಾರು, ಕಡ್ಡಿ ಮೂರಕ್ಕೂ ಬೆಲೆ ಬಂದರೆ ಯಾರಾದರೂ ಒಬ್ಬರು ಊರಿನಲ್ಲಿ ಉಳಿಯಬಹುದು. ಈ ಗೋಡೆಯ ಬಗ್ಗೆ ನನ್ನ ಆಸೆಯ ಅರ್ಧ ಭಾಗ ಇದೇ.

ಹೆಂಪ್ ಗೋಡೆ ನಮ್ಮ ಹಳೆಯ ವಿದ್ಯೆಯೇ ಅನ್ನಲು ಎಲ್ಲೋರದ ವಿಷಯವನ್ನೂ ಹಲವರು ಎತ್ತುತ್ತಾರೆ. 2016ರಲ್ಲಿ ಪುರಾತತ್ವ ಇಲಾಖೆಯಲ್ಲಿದ್ದ ರಾಜದೇವ್ ಸಿಂಗ್ ಮತ್ತು ಸಸ್ಯಶಾಸ್ತ್ರಜ್ಞ ಸರ್ದೇಸಾಯಿ ಅವರು ಎಲ್ಲೋರ ಗುಹೆಗಳ ಗಿಲಾವಿನಲ್ಲಿ ಈ ಗಿಡದ ಚೂರುಗಳನ್ನು ಗುರುತಿಸಿದರು. ಅಜಂತಾದ ಗಿಲಾವಿನಲ್ಲಿ ಇದು ಇರಲಿಲ್ಲ, ಅಲ್ಲಿ ಹುಳಗಳ ಕಾಟ ಜಾಸ್ತಿ ಆಗಿತ್ತು ಅನ್ನುವುದು ಅವರ ಹೋಲಿಕೆ. ಒಳ್ಳೆಯ ಸಂಶೋಧನೆ. ಆದರೆ ಅದು ಬಂಡೆಯ ಮೇಲೆ ತೆಳ್ಳಗೆ ಬಳಿದ ಗಿಲಾವು, ಮನೆಯ ಗೋಡೆ ಅಲ್ಲ. ಈಗಿನ ಹೆಂಪ್ ಗೋಡೆ 1980ರ ದಶಕದಲ್ಲಿ ಫ್ರಾನ್ಸಿನಲ್ಲಿ, ಹಳೆಯ ಮರದ ಚೌಕಟ್ಟಿನ ಮನೆಗಳನ್ನು ರಿಪೇರಿ ಮಾಡುವಾಗ ಹುಟ್ಟಿದ್ದು. ಅಲ್ಲಿ ನಾರಿಗಾಗಿ ಬೆಳೆ ಮೊದಲೇ ಇತ್ತು, ಕಡ್ಡಿ ಉಳಿಯುತ್ತಿತ್ತು. ಅಮೆರಿಕದಲ್ಲಿ 2018ರ ಕೃಷಿ ಕಾನೂನು ಬೆಳೆಗೆ ದಾರಿ ಬಿಟ್ಟಿತು, ಮನೆ ಕಟ್ಟುವ ಮಾದರಿ ನಿಯಮಗಳ 2024ರ ಆವೃತ್ತಿಯಲ್ಲಿ ಹೆಂಪ್ ಮತ್ತು ಸುಣ್ಣದ ಗೋಡೆಗೇ ಒಂದು ಅನುಬಂಧ ಸೇರಿತು. ಎಲ್ಲ ಕಡೆಯೂ ಬೆಳೆ ಮೊದಲು, ಗೋಡೆ ಆಮೇಲೆ.

ಈಗ ತಿಪಟೂರಿಗೆ ಬರೋಣ. ನನ್ನ ಸೋದರತ್ತೆ ಮಗನ ಜೊತೆ ಕೂತು ಹಾಕಿದ ಲೆಕ್ಕ ಇದು, ಒರಟು ಲೆಕ್ಕ, ಆದರೆ ದಿಕ್ಕು ತಿಳಿಯುತ್ತದೆ. ಚಿಕ್ಕ ಮನೆ. ಹೊರಗೋಡೆ 70 ಚದರ ಮೀಟರ್, ದಪ್ಪ 30 ಸೆಂಟಿಮೀಟರ್ ಅಂದರೆ 21 ಘನ ಮೀಟರ್ ಗೋಡೆ. ಒಂದು ಘನ ಮೀಟರಿಗೆ ಸುಮಾರು 100 ಕಿಲೋ ಕಡ್ಡಿ, 200 ಕಿಲೋ ಸುಣ್ಣ. ಹೆಂಪ್ ಮನೆ ಅಂತ ಕರೆದರೂ ತೂಕದಲ್ಲಿ ಸುಣ್ಣವೇ ಎರಡು ಪಟ್ಟು, ಗಮನಿಸಿ. ಒಟ್ಟು 2 ಟನ್ ಕಡ್ಡಿ, 4 ಟನ್ ಸುಣ್ಣ. ಎರಡು ಟನ್ ಕಡ್ಡಿ ಬೆಳೆಯುವಾಗ ಗಾಳಿಯಿಂದ ಹೀರಿಕೊಂಡ ಇಂಗಾಲದ ಡೈಆಕ್ಸೈಡ್ ಸುಮಾರು 3.5 ಟನ್. ಇದು ನಿಜವಾದ ಲಾಭ, ಗೋಡೆ ಇರುವವರೆಗೂ ಅದು ಗೋಡೆಯಲ್ಲೇ ಇರುತ್ತದೆ.

ಇನ್ನು ಖರ್ಚಿನ ಕಡೆ. ಡೆಹ್ರಾಡೂನ್‌ನಿಂದ ತಿಪಟೂರಿಗೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಕಡ್ಡಿ ಹತ್ತಿಯ ಹಾಗೆ ಹಗುರ, ಲಾರಿಯ ತೂಕದ ಮಿತಿ ತಲುಪುವ ಮೊದಲೇ ಜಾಗ ತುಂಬಿಹೋಗುತ್ತದೆ. ಎರಡು ಟನ್ನಿಗೆ ಇಡೀ ಲಾರಿ ಬೇಕು. ಲೀಟರಿಗೆ 4 ಕಿಲೋಮೀಟರ್ ಅಂದುಕೊಂಡರೂ 500ರಿಂದ 600 ಲೀಟರ್ ಡೀಸೆಲ್, ಅಂದರೆ ಹತ್ತಿರ ಹತ್ತಿರ 1.5 ಟನ್ ಇಂಗಾಲದ ಡೈಆಕ್ಸೈಡ್. ಆಮೇಲೆ ಸುಣ್ಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ 100 ಕಿಲೋ ಕಲ್ಲಿನಿಂದ 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಉರಿಯುವ ಕಲ್ಲಿದ್ದಲಿನದು ಬೇರೆ. 4 ಟನ್ ಅರಳಿದ ಸುಣ್ಣಕ್ಕೆ ಲೆಕ್ಕ ಹಾಕಿದರೆ ಕಲ್ಲಿನಿಂದ ಬಂದದ್ದೇ ಸುಮಾರು 2.4 ಟನ್. ಗೋಡೆಯಲ್ಲಿರುವ ಸುಣ್ಣ ಇದನ್ನು ಗಾಳಿಯಿಂದ ಮತ್ತೆ ಹೀರಿಕೊಂಡು ಕಲ್ಲಾಗುತ್ತಾ ಹೋಗುತ್ತದೆ ಅನ್ನುವುದು ಸರಿ, ಆದರೆ ಅದಕ್ಕೆ ವರ್ಷಗಳು ಬೇಕು, ಎಲ್ಲವೂ ವಾಪಸ್ ಬರುವುದೂ ಇಲ್ಲ. ಕೂಡಿಸಿ ನೋಡಿ. ಗೃಹಪ್ರವೇಶದ ದಿನಕ್ಕೆ ಲಾಭದ 3.5 ಟನ್ ಪೂರ್ತಿ ಕರಗಿ, ಮೇಲೆ ಸಾಲವೂ ಆಗಿರುತ್ತದೆ. ಅದೇ ಗೋಡೆ ಪೌರಿಯಲ್ಲಿ ಎದ್ದರೆ ಆ ದೂರದ ಲಾರಿಯೇ ಇಲ್ಲ.

ಸುಟ್ಟ ಇಟ್ಟಿಗೆಗಿಂತ ಆಗಲೂ ಇದು ಮೇಲು ಅಂತ ಯಾರಾದರೂ ಹೇಳಬಹುದು, ನಾನು ಒಪ್ಪುತ್ತೇನೆ. ಆದರೆ ತಿಪಟೂರಿನವನಿಗೆ ಇರುವ ಆಯ್ಕೆ ಹೆಂಪ್ ಮತ್ತು ಸುಟ್ಟ ಇಟ್ಟಿಗೆ ಎರಡೇ ಅಲ್ಲವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯ ಮೇಲೆ ಎಷ್ಟು ವರ್ಷ ಕೆಲಸ ಮಾಡಿದ್ದಾರೆ! ಸೈಟಿನ ಮಣ್ಣು, ಸ್ವಲ್ಪ ಸಿಮೆಂಟು ಅಥವಾ ಸುಣ್ಣ, ಒಂದು ಕೈ ಯಂತ್ರ ಇದ್ದರೆ ಸಾಕು. ಸುಡುವುದೇ ಇಲ್ಲ, ಭಾರವನ್ನೂ ಹೊರುತ್ತದೆ. ಅದನ್ನು ಕಟ್ಟಲು ಗೊತ್ತಿರುವ ಮೇಸ್ತ್ರಿಗಳು ನಮ್ಮಲ್ಲೇ ಇದ್ದಾರೆ. ಇದನ್ನು ಬಿಟ್ಟು ಹಿಮಾಲಯದ ಕಡ್ಡಿಗೆ ಹಣ ಕೊಡುವುದು ಯಾಕೆ?

ಬಿಸಿಲಿನ ವಿಷಯದಲ್ಲೂ ಒಂದು ಮಾತು. ನಮ್ಮ ಕಡೆಯ ಒಂದು ಅಂತಸ್ತಿನ ಮನೆಗಳಿಗೆ ಬೇಸಿಗೆಯ ಸೆಖೆ ಹೆಚ್ಚಾಗಿ ಇಳಿಯುವುದು ಮೇಲಿನ ಆರ್‌ಸಿಸಿ ತಾರಸಿಯಿಂದ. ಗೋಡೆಗೆ ಎಷ್ಟು ಒಳ್ಳೆಯ ಸಾಮಾನು ಹಾಕಿದರೂ ತಾರಸಿ ಬರಿದಾಗಿ ಕಾಯುತ್ತಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಮೊದಲು ಅದಕ್ಕೆ ನೆರಳು ಮಾಡಿ. ಹೆಂಚು ಹಾಕಿ, ಇಲ್ಲವೇ ಸುಣ್ಣ ಬಳಿದು ಬೆಳ್ಳಗೆ ಮಾಡಿ. ಗೋಡೆಗಿಂತ ಕಡಿಮೆ ದುಡ್ಡಿನಲ್ಲಿ ಹೆಚ್ಚು ತಂಪು ಸಿಗುತ್ತದೆ.

ಹಾಗಾದರೆ ಕರ್ನಾಟಕದಲ್ಲೇ ಬೆಳೆದರೆ? ಆಗ ನನ್ನ ಲೆಕ್ಕ ಬದಲಾಗುತ್ತದೆ, ಖುಷಿಯಿಂದ ಬದಲಾಯಿಸುತ್ತೇನೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 14ನೇ ಸೆಕ್ಷನ್ ನಾರು, ಬೀಜದ ಉದ್ಯಮಕ್ಕಾಗಿ ಈ ಗಿಡ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅನ್ನುತ್ತದೆ. ಉತ್ತರಾಖಂಡ 2018ರಲ್ಲಿ ಆ ದಾರಿ ಹಿಡಿಯಿತು. ಅನುಮತಿ ಇಲ್ಲದೆ ಹೊಲದಲ್ಲಿ ಗಿಡ ಎಬ್ಬಿಸಿದರೆ ಮಾತ್ರ ಅದು ದೊಡ್ಡ ಅಪರಾಧ, ಪ್ರಯೋಗಕ್ಕೆ ಅಂತ ಯಾರೂ ಕೈ ಹಾಕಬೇಡಿ. ಅನುಮತಿ ಸಿಕ್ಕರೂ ಸಾಲದು. ನಾರು ಮತ್ತು ಕಡ್ಡಿಯನ್ನು ಬೇರೆ ಮಾಡುವ ಯಂತ್ರ ಹತ್ತಿರದಲ್ಲೇ ಬೇಕು, ಇಲ್ಲಿನ ಬೆಟ್ಟಗಳಲ್ಲೂ ದೊಡ್ಡ ಕೊರತೆ ಅದೇ. ಕೈಯಲ್ಲಿ ಸುಲಿದು ಮನೆ ಕಟ್ಟುವಷ್ಟು ಕಡ್ಡಿ ಒಟ್ಟುಮಾಡುವುದು ಆಗದ ಮಾತು.

ಸುಣ್ಣವನ್ನೂ ಪರಿಸರಸ್ನೇಹಿ ಅಂತ ಕಣ್ಣುಮುಚ್ಚಿ ಹೊಗಳಲು ನನ್ನಿಂದ ಆಗುವುದಿಲ್ಲ. ನಾನಿರುವ ಈ ಕಣಿವೆಯಲ್ಲೇ ಮಸ್ಸೂರಿ ಬೆಟ್ಟದ ಮೈಯನ್ನು ಸುಣ್ಣದ ಕಲ್ಲಿಗಾಗಿ ಅಗೆದು ಅಗೆದು, ಕೊನೆಗೆ 1985ರಲ್ಲಿ ಸುಪ್ರೀಂ ಕೋರ್ಟ್ ಹಲವು ಗಣಿಗಳನ್ನು ಮುಚ್ಚಿಸಬೇಕಾಯಿತು. ಸುಣ್ಣ ಎಲ್ಲಿಂದ ಬರುತ್ತದೆ ಅಂತಲೂ ಕೇಳಬೇಕು.

ತಿಪಟೂರಿನ ಮನೆಯ ಗೋಡೆಗೆ ಕೊನೆಗೆ ಮಣ್ಣಿನ ಇಟ್ಟಿಗೆಯೇ ಗಟ್ಟಿಯಾಯಿತು. ಒಳಗೆಲ್ಲ ಸುಣ್ಣದ ಗಾರೆ. ಹೆಂಪಿನ ಆಸೆ ಪೂರ್ತಿ ಬಿಡದ ಅವನಿಗೆ ನಾನು ಇನ್ನೊಂದು ಕೆಲಸ ಹೇಳಿದ್ದೇನೆ. ಊರಿನ ತುಂಬಾ ತೆಂಗಿನ ಸಿಪ್ಪೆ ರಾಶಿ ಬಿದ್ದಿದೆ ಅಲ್ವಾ? ಅದನ್ನು ಚೂರು ಮಾಡಿ, ನೀರಿನಲ್ಲಿ ನೆನೆಸಿ ಒಗರು ಹೋಗುವವರೆಗೆ ತೊಳೆದು, ಒಣಗಿಸಿ, ಇದೇ ಸುಣ್ಣ ಸುರ್ಕಿಯ ಜೊತೆ ಬೇರೆ ಬೇರೆ ಅಳತೆಯಲ್ಲಿ ಕಲಸಿ ಸಣ್ಣ ಇಟ್ಟಿಗೆ ಹಾಕು. ನೆರಳಿನಲ್ಲಿ ಎರಡು ತಿಂಗಳು ಬಿಡು. ಆಮೇಲೆ ತೂಕ ನೋಡು, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಕ ನೋಡು, ಮುರಿದು ಒಳಗೆ ಬೂಷ್ಟು ಬಂದಿದೆಯಾ ನೋಡು. ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದನ್ನು ಹಿತ್ತಲಿನ ಸೌದೆ ಕೊಟ್ಟಿಗೆಯ ಒಂದು ಗೋಡೆಗೆ, ಮರದ ಚೌಕಟ್ಟಿನ ನಡುವೆ ತುಂಬಿಸಿ ಒಂದು ಮಳೆಗಾಲ ಕಳೆಯಲು ಬಿಡು ಅಂದಿದ್ದೇನೆ. ಮಂಡ್ಯದ ಕಡೆ ಕಬ್ಬಿನ ಸಿಪ್ಪೆಯಲ್ಲಿ, ಕಲಬುರಗಿ ಕಡೆ ತೊಗರಿ ಕಟ್ಟಿಗೆಯಲ್ಲಿ ಇದನ್ನೇ ಮಾಡಿ ನೋಡುವವರು ಇದ್ದರೆ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಸುಣ್ಣ ಎಷ್ಟು, ನೀರು ಎಷ್ಟು, ಒಣಗಲು ಎಷ್ಟು ದಿನ ಬೇಕಾಯಿತು ಅನ್ನುವುದನ್ನೂ ಬರೆಯಿರಿ. ಹಳೆಯ ಗಾರೆ ಕೆಲಸದವರು ಊರಿನಲ್ಲಿ ಇನ್ನೂ ಇದ್ದರೆ ಮೊದಲು ಅವರನ್ನೇ ಕರೆದು ಸುಣ್ಣ ಅರಳಿಸುವುದನ್ನು ಕಲಿಯಿರಿ.