ಯಾವ ಗೇರಲ್ಲಿದ್ದೆ?

13 ಜುಲೈ 2024, ಶನಿವಾರ, ರಾತ್ರಿ
ಹೀಟನ್ ಬೇ, ಡಿಲನ್ ಜಲಾಶಯ, ಕೊಲೊರಾಡೊ

ಮಗಳು ಮಲಗಿ ಒಂದು ಗಂಟೆಯಾಯಿತು. ಕಾರಿನ ಹಿಂದೆ ಕಟ್ಟಿಕೊಂಡು ಬಂದ, ಒಳಗೆ ಮಲಗಲು ಬರುವ ಟ್ರೇಲರಿನ ಮೆಟ್ಟಿಲ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಜುಲೈ ಆದರೂ ಒಂಬತ್ತು ಸಾವಿರ ಅಡಿ ಎತ್ತರದ ಈ ಜಾಗದಲ್ಲಿ ಸ್ವೆಟರ್ ಸಾಲದೆ ಶಾಲನ್ನೂ ಹೊದ್ದುಕೊಂಡಿದ್ದೇನೆ. ಹೆದ್ದಾರಿಯಲ್ಲಿ ಘಟ್ಟ ಇಳಿಯುವ ಲಾರಿಗಳು ಎಂಜಿನ್ ಬ್ರೇಕ್ ಹಾಕುವ ಗಡಗಡ ಸದ್ದು ಆಗಾಗ ಇಲ್ಲಿಯವರೆಗೂ ಬರುತ್ತದೆ. ಕಳೆದ ವರ್ಷ ಇಲ್ಲಿಗೆ ಬಂದಾಗ ಆ ಸದ್ದಿಗೆ ನಿದ್ದೆ ಬರುತ್ತಿಲ್ಲವೆಂದು ಗೊಣಗಿದ್ದೆ. ಈಗ ಒಂದೊಂದು ಲಾರಿ ಹಾದುಹೋದಾಗಲೂ, ಇವನು ಸರಿಯಾಗಿ ಇಳಿಯುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ.

ಬೆಳಿಗ್ಗೆ ಊರಿಗೆ ಫೋನ್ ಮಾಡಿ, ನಿನ್ನೆ ಘಾಟಿಯಲ್ಲಿ ಬ್ರೇಕ್ ಫೇಲ್ ಆಯಿತು, ಯಾರಿಗೂ ಏನೂ ಆಗಿಲ್ಲ ಎಂದು ಹೇಳಿದೆ. ಅಮ್ಮ ಅಯ್ಯೋ ಎಂದವಳು ದೇವರಿಗೆ ಹರಕೆ ಕಟ್ಟಿಕೊಳ್ಳಲು ಒಳಗೆ ಹೋದಳು. ಅಪ್ಪ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಒಂದು ಪ್ರಶ್ನೆ ಕೇಳಿದರು.

"ಯಾವ ಗೇರಲ್ಲಿದ್ದೆ?"

"ಇದು ಆಟೋಮ್ಯಾಟಿಕ್ ಗಾಡಿ, ಅಪ್ಪ. ಗೇರು ಅದೇ ಹಾಕಿಕೊಳ್ಳುತ್ತೆ."

"ಹತ್ತುವಾಗ ಹಾಕಿಕೊಳ್ಳುತ್ತೆ ಕಣೋ. ಇಳಿಯುವಾಗ ಹಿಂದೆ ಎಷ್ಟು ಭಾರ ಇದೆ ಅಂತ ಅದಕ್ಕೇನು ಗೊತ್ತು? ನಿನಗೆ ಗೊತ್ತಿರಬೇಕು."

ಮೂವತ್ತು ವರ್ಷ ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸಿದ ಮನುಷ್ಯನಿಗೆ ನಾನು ಏನು ಹೇಳಲಿ? ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ಕ್ಯಾಬಿನ್ನಿನಲ್ಲಿ ಕುಳಿತು ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ: ಹತ್ತಿದ ಗೇರಿನಲ್ಲೇ ಇಳಿಯಬೇಕು, ಆಗ ಎಂಜಿನ್ನೇ ಗಾಡಿಯ ವೇಗವನ್ನು ತಡೆಯುತ್ತದೆ. ಅವರ ಲಾರಿಯ ಕ್ಲೀನರ್ ಅದನ್ನು ಹಾಡಿನಂತೆ ರಾಗವಾಗಿ ಹೇಳುತ್ತಿದ್ದ. ಕಾಲೇಜು ಮುಗಿಸಿ ಇಲ್ಲಿಗೆ ಬಂದ ಮೇಲೆ ಅದು ಹಳೆಯ ಗಾಡಿಗಳ ಕಾಲದ ಮಾತೆಂದು ಎಲ್ಲೋ ಒಳಗೆ ತೀರ್ಮಾನಿಸಿಬಿಟ್ಟಿದ್ದೆ ಎಂದು ಕಾಣುತ್ತದೆ.

ಡೆನ್ವರ್ ಕಡೆಯಿಂದ ಬರುವಾಗ ಐಸೆನ್‌ಹೋವರ್ ಸುರಂಗದ ಪಶ್ಚಿಮದ ಬಾಯಿ 11,158 ಅಡಿ ಎತ್ತರದಲ್ಲಿದೆ. ಅಲ್ಲಿಂದ ಸಿಲ್ವರ್‌ಥಾರ್ನ್‌ವರೆಗೆ ಸುಮಾರು 8 ಮೈಲಿ ದೂರದಲ್ಲಿ ರಸ್ತೆ ಎರಡು ಸಾವಿರ ಅಡಿಗೂ ಹೆಚ್ಚು ಇಳಿಯುತ್ತದೆ. ನಿನ್ನೆ ನಾನು ಗಂಟೆಗೆ 50 ಮೈಲಿ ದಾಟಬಾರದೆಂದು ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟು ಅದನ್ನು ತೆಗೆಯದೆಯೇ ಇಳಿಯುತ್ತಿದ್ದೆ, ಮತ್ತು ಅದನ್ನೇ ಎಚ್ಚರಿಕೆಯ ಚಾಲನೆ ಎಂದು ತಿಳಿದಿದ್ದೆ. ನಾಲ್ಕನೆಯ ಮೈಲಿಯ ಹೊತ್ತಿಗೆ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದೇ ಇರಬೇಕೆಂದು ಹೇಳಿ ಕಿಟಕಿ ಏರಿಸಿದೆ. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಒದ್ದೆ ಸ್ಪಂಜಿನಂತೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದಾಗ ನೆಲಕ್ಕೇ ತಾಗಿತು.

ಆ ಕ್ಷಣದಲ್ಲಿ ಭಯವಾಯಿತು ಎಂದು ಬರೆದರೆ ಅದು ಪೂರ್ತಿ ನಿಜವಲ್ಲ. ಮೊದಲು ಆದದ್ದು ನಾಚಿಕೆ. ಬ್ರೇಕ್ ಕಳೆದುಕೊಂಡ ಲಾರಿಗಳು ನುಗ್ಗಿ ನಿಲ್ಲಲೆಂದು ಬಲಬದಿಯಲ್ಲಿ ಗುಡ್ಡಕ್ಕೆ ಏರುಮುಖವಾಗಿ ಜಲ್ಲಿ ತುಂಬಿಸಿದ ದಾರಿಗಳನ್ನು ಈ ಇಳಿಜಾರಿನಲ್ಲಿ ಎರಡು ಕಡೆ ಮಾಡಿದ್ದಾರೆ. ಅವುಗಳಲ್ಲೊಂದು ಎದುರಿಗೇ ಕಂಡಿತು. ಇಷ್ಟು ಪುಟ್ಟ ಟ್ರೇಲರ್ ಕಟ್ಟಿಕೊಂಡವನು ಲಾರಿಗಳ ಜಲ್ಲಿಯಲ್ಲಿ ಹೂತುಕೊಂಡು ನಿಂತರೆ ನೋಡಿದವರು ಏನೆಂದುಕೊಂಡಾರು ಎಂಬ ಯೋಚನೆ ಬಂದು ಹೋಗುವಷ್ಟರಲ್ಲಿ ಅದು ಹಿಂದೆ ಸರಿದಿತ್ತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಮಾಡುತ್ತಿದ್ದಳು. ಇದನ್ನು ನಮ್ಮಾಕೆಗೆ ಇನ್ನೂ ಹೇಳಿಲ್ಲ. ಇಲ್ಲಿ ಓದಿಯೇ ತಿಳಿಯಬಹುದು.

ಆಮೇಲೆ ಕೈಕಾಲುಗಳು ತಾವಾಗಿಯೇ ಕೆಲಸಕ್ಕೆ ಇಳಿದವು. ಎಚ್ಚರಿಕೆ ದೀಪ ಹಾಕಿದೆ. ಗೇರನ್ನು ಡಿ ಇಂದ ಪಕ್ಕಕ್ಕೆಳೆದು ಮೊದಲು ಮೂರಕ್ಕೆ, ಎಂಜಿನ್ ಅರಚಿ ವೇಗ ಸ್ವಲ್ಪ ತಗ್ಗಿದ ಮೇಲೆ ಎರಡಕ್ಕೆ ಇಳಿಸಿದೆ. ಪೆಡಲನ್ನು ಬೇಗ ಬೇಗ ತುಳಿದಾಗ ಕಾಲಿಗೆ ಒಂದಿಷ್ಟು ಬಿಗಿ ಸಿಕ್ಕಿತು. ಪಾರ್ಕಿಂಗ್ ಬ್ರೇಕನ್ನು ಎಡಗಾಲಿನಿಂದ ಸ್ವಲ್ಪಸ್ವಲ್ಪವೇ ಅದುಮಿದೆ. ಒಮ್ಮೆಲೇ ಅದುಮಿದ್ದರೆ ಹಿಂದಿನ ಗಾಲಿಗಳು ಜಾರಿ ಟ್ರೇಲರ್ ನಮ್ಮ ಪಕ್ಕಕ್ಕೇ ಬಂದುಬಿಡುತ್ತಿತ್ತು. ಬಲಬದಿಯ ಅಂಚಿನಲ್ಲಿ ನಿಂತಾಗ ಮುಂದಿನ ಎರಡೂ ಗಾಲಿಗಳಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ನಮ್ಮಾಕೆ ಇಳಿದವಳೇ, ನಾನು ಹೇಳುವ ಮೊದಲೇ, ಟ್ರೇಲರಿನ ಗಾಲಿಗೆ ಕಲ್ಲು ಕೊಟ್ಟಳು.

ವಿಚಿತ್ರವೆಂದರೆ ಮುಕ್ಕಾಲು ಗಂಟೆ ಕಳೆದ ಮೇಲೆ ಪೆಡಲ್ ತಾನಾಗಿಯೇ ಗಟ್ಟಿಯಾಗಿತ್ತು. ಏನೂ ಆಗಿಯೇ ಇಲ್ಲವೇನೋ ಎನ್ನುವಂತೆ. ಎರಡನೆಯ ಗೇರಿನಲ್ಲಿ ತೆವಳಿಕೊಂಡು ಬಂದು ತಲುಪಿದೆವು.

ಇಂದು ಬೆಳಿಗ್ಗೆ ಹತ್ತಿರದ ಗ್ಯಾರೇಜಿನಲ್ಲಿ ನೋಡಿದ ಹುಡುಗ ನಿಧಾನವಾಗಿ, ಒಂದಿಷ್ಟೂ ಗದರದೆ ವಿವರಿಸಿದ. ಬ್ರೇಕ್ ದ್ರವ ಗಾಳಿಯಿಂದ ನೀರಿನ ಪಸೆಯನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಪಸೆ ಹೀರಿದ ದ್ರವಕ್ಕಾದರೆ ಅದು 140ಕ್ಕೆ ಇಳಿಯುತ್ತದೆ. ಕುದಿದಾಗ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ, ಹಾಗಾಗಿ ಕಾಲಿನ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿದುಹೋಗುತ್ತದೆ. ತಣ್ಣಗಾದರೆ ಗುಳ್ಳೆ ಮತ್ತೆ ದ್ರವ. ಅವನು ಶೀಶೆಗೆ ಬಸಿದು ತೋರಿಸಿದ ದ್ರವ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಪ್ಯಾಡುಗಳ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ನಾನು ಹಳೆಯ ದ್ರವವನ್ನು ಬೈದುಕೊಂಡು ಸುಮ್ಮನಿರುತ್ತಿದ್ದೆ. ಅವನು ಟ್ರೇಲರನ್ನೂ ನೋಡೋಣವೆಂದ. ಕೊಂಡಿ ಕಳಚಿ ಟ್ರೇಲರ್ ಬೇರೆಯಾದರೆ ಅದರ ಸ್ವಂತ ಬ್ಯಾಟರಿಯಿಂದ ಬ್ರೇಕ್ ಹಿಡಿಯಲೆಂದು ತಂತಿ ಕಟ್ಟಿದ ಒಂದು ಪಿನ್ ಇರುತ್ತದಲ್ಲ, ಅದನ್ನು ಎಳೆದು ಗಾಡಿಯನ್ನು ಮುಂದಕ್ಕೆ ಬಿಡಲು ಹೇಳಿದ. ಟ್ರೇಲರಿನ ಗಾಲಿಗಳು ಕಚ್ಚಿಕೊಂಡು ನಿಂತವು. ಎಂದರೆ ಅದರ ಬ್ರೇಕುಗಳು ನೆಟ್ಟಗೇ ಇದ್ದವು. ನನ್ನ ಕಾಲು ಹೇಳಿದ್ದು ಅವಕ್ಕೆ ತಲುಪುತ್ತಿರಲಿಲ್ಲ. ಏಳು ಕಡ್ಡಿಯ ಪ್ಲಗ್ಗನ್ನು ಬಿಚ್ಚಿದಾಗ ಬ್ರೇಕಿನ ನೀಲಿ ವೈರಿನ ತುದಿಯಲ್ಲಿ ಹಸಿರು ಕಿಲುಬು ಪುಡಿಪುಡಿಯಾಗಿ ಉದುರಿತು. ಸರಕು ತುಂಬಿದ 3,800 ಪೌಂಡಿನ ಟ್ರೇಲರನ್ನು ಅಷ್ಟು ದೂರ ಕಾರಿನ ಬ್ರೇಕುಗಳೇ ತಡೆದು ಹಿಡಿದಿದ್ದವು.

ಆಗ ನಮ್ಮಾಕೆ, ಗ್ಯಾರೇಜಿನ ಹುಡುಗನಿಗೆ ಅರ್ಥವಾಗಬಾರದೆಂದೋ ಏನೋ, ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಸ್ಟೀರಿಂಗ್ ಕೆಳಗಿನ ಆ ಡಬ್ಬಿಯಲ್ಲಿ ಏನೋ ಮಿಣುಕುತ್ತಿತ್ತಲ್ಲ, ಮನೆಯಿಂದ ಹೊರಟಾಗಿನಿಂದ?"

ಮಿಣುಕುತ್ತಿತ್ತು. ಅದು ಟ್ರೇಲರಿನ ಬ್ರೇಕಿಗೆ ಕರೆಂಟ್ ಕಳಿಸುವ ಕಂಟ್ರೋಲರ್. ಸಂಪರ್ಕವಿಲ್ಲ ಎಂಬುದನ್ನು ಅದು ಎರಡು ಅಕ್ಷರಗಳಲ್ಲಿ ನಾನು ಪೆಡಲ್ ಒತ್ತಿದಾಗಲೆಲ್ಲ ಹೇಳುತ್ತಿತ್ತು. ಹೋದ ತಿಂಗಳೂ ಹೀಗೇ ಆಗಿ, ಪ್ಲಗ್ಗನ್ನು ಅಲ್ಲಾಡಿಸಿದ ಮೇಲೆ ಸರಿಹೋಗಿತ್ತು. ಈ ಸಲ ಶುಕ್ರವಾರದ ಟ್ರಾಫಿಕ್ಕಿಗೆ ಸಿಕ್ಕಿಬೀಳಬಾರದೆಂದು, ದಾರಿಯಲ್ಲಿ ತಾನೇ ಸರಿಯಾಗುತ್ತದೆ ಎಂದು ಹೊರಟುಬಿಟ್ಟೆ. ಫೇಲ್ ಆಯಿತು ಎಂದು ಊರಿಗೆಲ್ಲ ಹೇಳುತ್ತಿದ್ದೇನೆ. ಆ ಮಾತಿನಲ್ಲಿ ಕರ್ತೃವೇ ಇಲ್ಲದಿರುವುದು ಎಷ್ಟು ಅನುಕೂಲ! ಅವಳಿಗೆ ಹೌದೆಂದಷ್ಟೇ ಹೇಳಿದೆ. ಅವಳು ಮುಂದೆ ಏನನ್ನೂ ಕೇಳಲಿಲ್ಲ, ಸಂಜೆಯವರೆಗೆ ಹೆಚ್ಚು ಮಾತನ್ನೂ ಆಡಲಿಲ್ಲ. ಊಟಕ್ಕೆ ಚಿತ್ರಾನ್ನ ಮಾಡಿದ್ದಳು, ಚೆನ್ನಾಗಿತ್ತು.

ಹೊಸ ಪ್ಯಾಡ್, ಹೊಸ ದ್ರವ, ಹೊಸ ಪ್ಲಗ್ ಆಗಿವೆ. ಆದರೂ ನಾಳೆಯದೇ ಚಿಂತೆ. ಸುರಂಗ ದಾಟಿದ ಮೇಲೆ ಜಾರ್ಜ್‌ಟೌನ್‌ವರೆಗೆ ಇಳಿಯಬೇಕು, ಕೊನೆಯಲ್ಲಿ ಜೆನೆಸೀಯಿಂದ ಡೆನ್ವರಿಗೆ ಇಳಿಯಬೇಕು. ಅಲ್ಲಿ ಬಯಲು ಕಣ್ಣಿಗೆ ಬಿದ್ದು ಘಾಟಿ ಮುಗಿಯಿತೆಂದು ಅನ್ನಿಸುವ ಜಾಗದಲ್ಲೇ, ಲಾರಿಯವರೇ ಮೋಸಹೋಗಬೇಡಿ, ಇನ್ನೂ ನಾಲ್ಕು ಮೈಲಿ ಕಡಿದಾದ ಇಳಿಜಾರಿದೆ ಎಂಬ ಫಲಕವಿದೆ. ಎಷ್ಟೋ ಸಲ ಅದನ್ನು ಓದಿ ನಕ್ಕಿದ್ದೇನೆ.

ಸಂಜೆ ಅಪ್ಪನಿಂದ ವಾಟ್ಸಾಪ್‌ನಲ್ಲಿ ಒಂದು ಧ್ವನಿ ಸಂದೇಶ ಬಂದಿತ್ತು. ಅಲ್ಲಿ ಆಗಿನ್ನೂ ಬೆಳಗಿನ ಜಾವ. ನಿದ್ದೆ ಬಂದಿಲ್ಲವೆಂದು ಕಾಣುತ್ತದೆ. "ನಾಳೆ ಮೊದಲು ಹತ್ತುತ್ತೀಯಲ್ಲ, ನಿನ್ನೆ ಇಳಿದ ಅದೇ ಘಾಟಿ. ಹತ್ತುವಾಗ ಗಾಡಿ ಎಷ್ಟನೇ ಗೇರಿಗೆ ಬೀಳುತ್ತೆ ನೋಡಿಕೋ. ನಿನ್ನೆ ಅದರಲ್ಲೇ ಇಳೀಬೇಕಿತ್ತು." ಮುಂದೆಯೂ ಏನೋ ಹೇಳಹೊರಟು ಕೆಮ್ಮು ಬಂದು ನಿಲ್ಲಿಸಿದ್ದಾರೆ.

ಮೂರು ಇರಬಹುದು. ಆದರೆ ಟ್ರೇಲರಿನ ಭಾರವಿದ್ದಾಗ, ಸುರಂಗದ ಹತ್ತಿರದ ಆ ಕೊನೆಯ ಏರಿನಲ್ಲಿ, ಎರಡಕ್ಕೇ ಬಿದ್ದರೂ ಬಿದ್ದೀತು.