ಬುಡಕ್ಕೆ ಕತ್ತರಿ ಬೇಡ

ಚಿಕ್ಕಬಳ್ಳಾಪುರ
14 ಸೆಪ್ಟೆಂಬರ್ 2024, ಶನಿವಾರ

ಗಣೇಶನ ಹಬ್ಬದ ಗಲಾಟೆ ಮುಗಿಯಿತು, ಹೈಡ್ರೇಂಜಿಯಾ ಹೂಗಳೂ ಒಣಗಿದವು. ಕತ್ತರಿ ಹಿಡಿಯಲು ಇದೇ ಸಮಯ.

ತೋಟದ ಕೆಲಸಕ್ಕೆ ಬರುವ ಅಜ್ಜನದು ಶಿಡ್ಲಘಟ್ಟದ ಕಡೆ ಊರು. ರೇಷ್ಮೆ ಮಾಡಿದ ಕೈ. "ಬುಡಕ್ಕೆ ಸವರಿಬಿಡೋಣ, ಚೆನ್ನಾಗಿ ಚಿಗುರುತ್ತೆ" ಅಂದರು. ಚಿಗುರುತ್ತದೆ, ಸುಳ್ಳಲ್ಲ. ಆದರೆ ಹಿಪ್ಪುನೇರಳೆಯಲ್ಲಿ ನಮಗೆ ಬೇಕಾದದ್ದು ಸೊಪ್ಪು. ಇಲ್ಲಿ ಬೇಕಾದದ್ದು ಹೂವು ಅಲ್ವಾ? ನಮ್ಮದು ಊಟಿ, ಮಡಿಕೇರಿ ಮನೆಗಳ ಮುಂದೆ ಕಾಣುವ ಅಗಲ ಎಲೆಯ ಜಾತಿ. ಅದು ಹೂ ಬಿಡುವುದು ಹಳೆಯ ಕಡ್ಡಿಯಿಂದ. ಈಗ ಬಲಿತ ಕಡ್ಡಿ ಚಳಿಗಾಲದಲ್ಲಿ ಒಳಗೇ ಮೊಗ್ಗು ಕಟ್ಟಿಕೊಳ್ಳುತ್ತದೆ. ಬುಡಕ್ಕೆ ಕಡಿದರೆ ಎಳೆ ಚಿಗುರಿಗೆ ಬಲಿಯಲು ಪುರಸೊತ್ತೇ ಇಲ್ಲ. ಡಿಸೆಂಬರಿನಲ್ಲಿ ಕಡಿದರಂತೂ ಮೊಗ್ಗೇ ಹೋಯಿತು.

ಒಣಗಿದ ಹೂವಿನ ಕೆಳಗೆ ದಪ್ಪ ಕಣ್ಣುಗಳ ಜೋಡಿ ಕಾಣುತ್ತದಲ್ಲ, ಅದರ ಸ್ವಲ್ಪ ಮೇಲೆ ಕತ್ತರಿಸಿದೆವು. ಸತ್ತ ಕಡ್ಡಿ, ಸಣಕಲು ಕಡ್ಡಿ ಮಾತ್ರ ಬುಡದಿಂದ ತೆಗೆದೆವು. ಅಜ್ಜನಿಗೆ ಇದು ಕೆಲಸ ಅನ್ನಿಸಲೇ ಇಲ್ಲ, ಪಾಪ.

ಬುಡಕ್ಕೆ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಮೇಲೆ ಒಣ ಎಲೆ ಹೊದಿಸಿದೆವು. ಯೂರಿಯಾ ಮುಟ್ಟಲಿಲ್ಲ. ಸಾರಜನಕ ಜಾಸ್ತಿಯಾದರೆ ಗಿಡ ಬರೀ ಎಲೆಯಾಗಿ ನಿಲ್ಲುತ್ತದೆ.

ಇನ್ನು ಬಣ್ಣದ ಮಾತು. ಊಟಿಯ ನೀಲಿ ಇಲ್ಲಿ ಯಾಕೆ ಬರಲ್ಲ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ನೀಲಿಯಾಗಲು ಹೂವಿಗೆ ಅಲ್ಯೂಮಿನಿಯಂ ಸೇರಬೇಕು. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ 5.5ಕ್ಕಿಂತ ಕಡಿಮೆ ಇದ್ದರೆ, ಬೇರು ಅದನ್ನು ಸುಲಭವಾಗಿ ಹೀರುತ್ತದೆ. ನಮ್ಮ ಬೋರ್‌ವೆಲ್ ನೀರೋ, ಪಾತ್ರೆಗೆಲ್ಲ ಬಿಳಿ ಸುಣ್ಣ ಕಟ್ಟಿಸುವಷ್ಟು ಗಡಸು. ಅದನ್ನೇ ಸುರಿಯುತ್ತಾ ಹೋದರೆ ಗುಲಾಬಿ ಬಣ್ಣವೇ ಗತಿ. ಮೂಳೆ ಪುಡಿ ಹಾಕಿದರೆ ಇನ್ನೂ ಗುಲಾಬಿ, ಅದರ ರಂಜಕ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತದೆ. ನನಗೆ ಗುಲಾಬಿಯೇ ಇಷ್ಟ, ನೆಲದ ಗಿಡಗಳು ಹಾಗೇ ಇರಲಿ. ಮಗಳ ಹಟಕ್ಕೆ ಒಂದು ಕುಂಡಕ್ಕೆ ಮಾತ್ರ ಮಳೆ ನೀರು. ಹೊಸ ಚಿಗುರು ಬಲಿತ ಮೇಲೆ ಆಗಾಗ ಸ್ವಲ್ಪ ಪಟಿಕ ಕರಗಿಸಿ ಹಾಕಬೇಕು, ಅದೂ ಒದ್ದೆ ಮಣ್ಣಿಗೆ. ಬಿಳಿ ಹೂವಿನ ಗಿಡಕ್ಕೆ ಈ ಸರ್ಕಸ್ ದಂಡ, ಅದು ನೀಲಿಯಾಗಲ್ಲ.

ಹೊರಡುವಾಗ ಅಜ್ಜ ಕತ್ತರಿಸಿದ ಸೊಪ್ಪನ್ನು ಮೇಕೆಗೆ ಅಂತ ಕಟ್ಟುತ್ತಿದ್ದರು. ತಡೆದೆ, ಆ ಎಲೆಯಲ್ಲಿ ವಿಷ ಇದೆ. ಎಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಮೇಕೆಗೆ ನುಗ್ಗೆ ಸೊಪ್ಪು ಮುರಿದು ಕೊಟ್ಟೆ.